ಗಟ್ಟಿಮೇಳ (ಧಾರಾವಾಹಿ)

ಜೀ ಕನ್ನಡ ವಾಹಿನಿಯಲ್ಲಿ 2019ರಿಂದ 2024ರ ಆರಂಭದವರೆಗೆ ಪ್ರಸಾರವಾದ ಪ್ರಣಯಹಾಸ್ಯದ ಧಾರಾವಾಹಿ. ಸಿಡುಕಿನ ಉದ್ಯಮಿ ವೇದಾಂತ್ ಆಗಿ ರಕ್ಷ್, ಬಾಯಿಬಡಕಿ ಅಮೂಲ್ಯಳಾಗಿ ನಿಶಾ ರವಿಕೃಷ್ಣನ್ ನಟಿಸಿದರು. ಹೆಣ್ಣುಮಕ್ಕಳ ಮದುವೆ ಮಾಡಬೇಕಾದ ಮಧ್ಯಮವರ್ಗದ ತಾಯಿಯ ಚಿಂತೆಯೇ ಕಥೆಯ ಬುನಾದಿ. ಮೊದಲು ಜಗಳ, ಆಮೇಲೆ ಒಲವು ಎಂಬ ಈ ಹಂದರ ಹೊಸದಲ್ಲ. ಫಣಿ ರಾಮಚಂದ್ರರ ‘ಗಣೇಶನ ಮದುವೆ’ (1990) ಚಿತ್ರದಲ್ಲಿ ಒಂದೇ ವಠಾರದಲ್ಲಿ ಕಿತ್ತಾಡುವವರೇ ಪರಸ್ಪರ ಗುರುತರಿಯದೆ ಪತ್ರದಲ್ಲಿ ಪ್ರೀತಿಸುತ್ತಾರೆ. ಆದರೆ ಸಿನಿಮಾದಲ್ಲಿ ಮದುವೆ ಕೊನೆಯ ದೃಶ್ಯ, ಧಾರಾವಾಹಿಯಲ್ಲಿ ಅದು ವರ್ಷಗಟ್ಟಲೆಯ ಕೆಲಸ.

ಇದು ಬರೀ ಎಳೆದಾಟ ಎಂಬ ಆಕ್ಷೇಪವಿದೆ, ಅರ್ಧ ನಿಜವೂ ಹೌದು. ಆದರೂ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆ ಮದುವೆಯೆಂದರೆ ಒಂದು ದಿನದ ಮಾತಲ್ಲ: ಹೆಣ್ಣು ನೋಡುವುದು, ಜಾತಕ, ನಿಶ್ಚಿತಾರ್ಥ, ಚಪ್ಪರ, ಧಾರೆ, ಅದು ಮುಗಿದ ಮೇಲೆ ಒಕ್ಕಲು ಮನೆಗಳಲ್ಲಿ ಮುದ್ದೆ, ಮಟನ್ ಸಾರಿನ ಬೀಗರೂಟ. ಪ್ರತಿ ಹಂತದಲ್ಲೂ ಯಾರಾದರೊಬ್ಬ ಚಿಕ್ಕಪ್ಪ ಮುನಿಸಿಕೊಳ್ಳುವುದುಂಟು. ಹಾಗಾಗಿ ಕಂತುಗಳ ನಿಧಾನವನ್ನು ಪೂರಾ ಕಥೆಗಾರರ ಕಸುಬಿನ ದೋಷವೆನ್ನಲಾಗದು. ನಂತರದ ಕಂತುಗಳಲ್ಲಿ ಒಳಸಂಚು ಹೆಚ್ಚಿ ನಗು ತೆಳುವಾದದ್ದು ಬೇರೆ ದೂರು. ಅದಕ್ಕೆ ಈ ಸಮರ್ಥನೆ ಸಾಲದು.