ಅನ್ನದ ದಾನ, ನಗದು ದಾನ

ಹಡಗಲಿ ಸೀಮೆಯ ಮೈಲಾರದ ಜಾತ್ರೆಯಲ್ಲಿ ಗೊರವಯ್ಯನ ದೋಣಿಗೆ, ಅಂದರೆ ಭಿಕ್ಷಾಪಾತ್ರೆಗೆ, ಒಬ್ಬರು ಹಾಲು ಹುಯ್ದರೆಂದು ಇನ್ನೊಬ್ಬರು ಬಾಳೆಹಣ್ಣು ಹಾಕುವುದನ್ನು ಬಿಡುವುದಿಲ್ಲ. ಬಡ ವಿದ್ಯಾರ್ಥಿಗೆ ಸಿಗುವ ನೆರವು ಹಾಗಲ್ಲ. ಒಬ್ಬರು ಕೊಟ್ಟದ್ದನ್ನು ಲೆಕ್ಕ ಹಿಡಿದು ಮತ್ತೊಬ್ಬರು ಕೈ ಹಿಂದೆಗೆಯುವುದುಂಟು. ಈ ಸೀಮೆಯ ಶಿಕ್ಷಣದ ಇತಿಹಾಸವನ್ನು ನೋಡಿದರೆ, ಖಾಸಗಿ ದಾನ ಅನ್ನ, ವಸತಿ, ಕಟ್ಟಡಗಳ ರೂಪದಲ್ಲಿ ಬಂದಾಗ ಸೋರಿಹೋದದ್ದು ಕಡಿಮೆ.

ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದರಾಸಿನ ಆಡಳಿತದಲ್ಲಿತ್ತು. ಈ ಸೀಮೆಯೂ ಸೇರಿದ್ದ ದತ್ತಮಂಡಲಕ್ಕೆಂದು ಸರ್ಕಾರ 1916ರಲ್ಲಿ ಕಾಲೇಜು ತೆರೆದದ್ದು ಅನಂತಪುರದಲ್ಲಿ. ಅದೇ ವರ್ಷ ಬಳ್ಳಾರಿಯಲ್ಲಿ ವೀರಶೈವ ವಿದ್ಯಾವರ್ಧಕ ಸಂಘ ಹುಟ್ಟಿತಾದರೂ ಅದರ ಕಾಲೇಜಿಗೆ 1945ರವರೆಗೆ ಕಾಯಬೇಕಾಯಿತು. ಹಳ್ಳಿಯ ಹುಡುಗನಿಗೆ ಫೀಜಿಗಿಂತ ಭಾರವಾಗಿದ್ದದ್ದು ಪರವೂರಿನ ಊಟ ಮತ್ತು ಬಾಡಿಗೆ. ಆ ಭಾರವನ್ನು ಹೊತ್ತದ್ದು ವಾರಕ್ಕೊಂದು ದಿನ ಊಟ ಹಾಕುವ ವಾರಾನ್ನದ ಮನೆಗಳು, ಮಠಗಳ ಪ್ರಸಾದನಿಲಯಗಳು. ಮುಂದೆ ಅದೇ ಸಂಘ ಕೊಟ್ಟೂರು, ಹಡಗಲಿಗಳಲ್ಲೂ ಕಾಲೇಜು ನಡೆಸಿದಾಗ ಆಸುಪಾಸಿನವರಿಗೆ ಆ ಖರ್ಚೇ ತಪ್ಪಿತು. ದೂರದೂರಿಗೆ ಕಳಿಸಲು ಮನೆಯವರು ಒಪ್ಪದ ಹೆಣ್ಣುಮಕ್ಕಳಿಗಂತೂ ಇದು ದೊಡ್ಡ ಮಾತು. ವಾರಾನ್ನವನ್ನು ಹೊಗಳುವಾಗ ಒಂದನ್ನು ಮರೆಯಬಾರದು: ಅದರ ಹೊಸ್ತಿಲು ಜಾತಿಯ ಹೊಸ್ತಿಲು. ದಲಿತ ಹುಡುಗನಿಗೆ ಆ ಮನೆಗಳಲ್ಲಿ ಎಲೆ ಇರಲಿಲ್ಲ. ಪರಿಶಿಷ್ಟ ಜಾತಿಗಳಿಗಾಗಿ 1944ರಲ್ಲಿ ಆರಂಭವಾದ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಬೆಲೆ ಅರ್ಥವಾಗುವುದು ಇಲ್ಲಿಯೇ.

ನಗದು ದಾನಕ್ಕೂ ನಮ್ಮಲ್ಲಿ ಹಿರಿಯ ಮಾದರಿಯಿದೆ. 1906ರಲ್ಲಿ ತೀರಿಕೊಂಡ ಶಿರಸಂಗಿ ಲಿಂಗರಾಜ ದೇಸಾಯಿ ತಮ್ಮ ಸಂಸ್ಥಾನದ ಆಸ್ತಿಯನ್ನೇ ತಮ್ಮ ಸಮಾಜದ ಮಕ್ಕಳ ಓದಿಗೆ ಬರೆದಿಟ್ಟರು. ಆಗ ಸರ್ಕಾರದ ನೆರವೇ ವಿರಳ, ಆದ್ದರಿಂದ ದಾನದ ಲೆಕ್ಕ ಹಿಡಿದು ಅದರಲ್ಲಿ ಕಳೆಯುವುದಕ್ಕೂ ಹೆಚ್ಚೇನಿರಲಿಲ್ಲ. ಸರ್ಕಾರದ ವಿದ್ಯಾರ್ಥಿವೇತನ ಬೆಳೆದ ಮೇಲೆ ತೊಡಕು ಶುರುವಾಯಿತು. ಮೇಲೆ ಹೇಳಿದ ಮೆಟ್ರಿಕ್ ನಂತರದ ವೇತನ ಯೋಜನೆಯ ನಿಯಮದಂತೆ ಅದರ ಫಲಾನುಭವಿ ಇನ್ನೊಂದು ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇದು ನ್ಯಾಯವೇ ಅಲ್ಲವೇ, ಇರುವ ಹಣ ಹೆಚ್ಚು ಜನಕ್ಕೆ ಹಂಚಿಹೋಗಬೇಡವೇ ಎಂದು ಕೇಳಬಹುದು. ಎರಡು ವೇತನ ಸೇರಿ ಖರ್ಚನ್ನು ಮೀರಿದರೆ ಆ ಮಾತು ಸರಿ. ಎರಡೂ ಸೇರಿದರೂ ಊಟ, ಬಾಡಿಗೆಗೆ ಸಾಲದವನಿಗೆ ಅದು ಹೇಗೆ ಅನ್ವಯಿಸೀತು? ಉಳಿದ ಹಣ ಇನ್ನೊಬ್ಬ ಬಡವನಿಗೇ ತಲುಪುವ ಏರ್ಪಾಡಾದರೂ ಇರಬೇಕಲ್ಲ. ಅಮೆರಿಕದ ಹಲವು ಕಾಲೇಜುಗಳೂ ಹೊರಗಿನ ವೇತನ ಬಂದರೆ ತಮ್ಮ ನೆರವನ್ನು ಕಡಿತ ಮಾಡುತ್ತವೆ. ಮೇರಿಲ್ಯಾಂಡ್ ರಾಜ್ಯ ತನ್ನ ಸಾರ್ವಜನಿಕ ಕಾಲೇಜುಗಳಿಗೆ 2017ರಲ್ಲಿ ಕಾನೂನಿನ ಕಡಿವಾಣ ಹಾಕಿತು. ನಮ್ಮ ನಿಯಮದಲ್ಲೂ ಒಂದು ಕಿಂಡಿ ಇದೆ. ಪುಸ್ತಕಕ್ಕೆ, ಊಟ ವಸತಿಗೆ ಬೇರೆಯವರು ಕೊಡುವ ಸಹಾಯಕ್ಕೆ ಅಡ್ಡಿಯಿಲ್ಲ. ದಾನಿಯೊಬ್ಬ ಕೂಡ್ಲಿಗಿಯ ಹುಡುಗಿಗೆ ಕೊಡುವ ಹಣವನ್ನು ವಿದ್ಯಾರ್ಥಿವೇತನ ಎಂದರೆ ಅವಳು ಒಂದನ್ನು ಬಿಡಬೇಕು. ಅಷ್ಟೇ ಹಣವನ್ನು ಮೆಸ್ ಬಿಲ್ಲಿಗೆ ಕಟ್ಟಿದರೆ ಎರಡೂ ಅವಳಿಗೆ ಉಳಿಯುತ್ತವೆ.