ನೀರಿನಡಿ ಸುಮ್ಮನಿರಲು ಕಲಿತ ಭತ್ತ

ಭತ್ತಕ್ಕೆ ನೀರು ಬೇಕು ಅನ್ನುವುದು ಎಲ್ಲರಿಗೂ ಗೊತ್ತು. ಅದೇ ನೀರು ಪೈರಿನ ತಲೆಯ ಮೇಲೆ ಏರಿ ಒಂದು ವಾರ ನಿಂತರೆ ಭತ್ತವೂ ಸಾಯುತ್ತದೆ ಅನ್ನುವುದು ಮಹಾನದಿಯ ಬಯಲಿನಂಥ ಕಡೆ ಗದ್ದೆ ಮಾಡಿದವರಿಗೆ ಹೆಚ್ಚು ಗೊತ್ತು. ಸಾಯುವ ರೀತಿ ವಿಚಿತ್ರ. ಅನಿಲಗಳು ನೀರಿನಲ್ಲಿ ಹರಡುವುದು ಗಾಳಿಗಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಹಾಗಾಗಿ ಗಿಡ ತಾನೇ ತಯಾರಿಸುವ ಎಥಿಲೀನ್ ಹೊರಗೆ ಹೋಗಲಾರದೆ ಒಳಗೇ ತುಂಬಿಕೊಳ್ಳುತ್ತದೆ. ಮುಳುಗಿದ್ದೇನೆ ಎಂದು ಗಿಡಕ್ಕೆ ತಿಳಿಯುವುದೇ ಹಾಗೆ. ಆಗ ಸಾಮಾನ್ಯ ಭತ್ತ ಗಾಬರಿಬಿದ್ದು ಮೇಲಕ್ಕೆ ಚಾಚತೊಡಗುತ್ತದೆ, ಕೂಡಿಟ್ಟ ಪಿಷ್ಟ ಸಕ್ಕರೆಯನ್ನೆಲ್ಲ ಅದಕ್ಕೇ ಸುರಿಯುತ್ತದೆ. ನೀರು ಇಳಿದಾಗ ಉಳಿಯುವುದು ಉದ್ದಕ್ಕೆ ಬೆಳೆದು ನಿಲ್ಲಲಾರದೆ ಒರಗಿದ ಪೈರು.

ಒಡಿಶಾದ ರೈತರ ಬಳಿ ಹೀಗೆ ಗಾಬರಿಯಾಗದ ಒಂದು ನಾಟಿ ತಳಿಯಿತ್ತು: ಧಾಲಪುಟ್ಟಿಯಾ. ಅಘನಾಶಿನಿಯ ಗಜನಿ ಗದ್ದೆಗಳಲ್ಲಿ ಉಪ್ಪುನೀರು ತಾಳುವ ಕಗ್ಗ ಇದೆಯಲ್ಲ, ಹಾಗೆ. 1940ರ ದಶಕದಲ್ಲಿ ಅಲ್ಲಿನ ತಳಿ ಸಂಶೋಧಕರು ಅದರಿಂದ ಒಂದು ಶುದ್ಧ ಸಾಲನ್ನು ಆರಿಸಿ ಎಫ್‌ಆರ್ 13ಎ ಎಂದು ಹೆಸರಿಟ್ಟರು. ಎಫ್‌ಆರ್ ಅಂದರೆ ಫ್ಲಡ್ ರೆಸಿಸ್ಟೆಂಟ್, ನೆರೆ ತಡೆಯುವುದು. ಎರಡು ವಾರ ಪೂರ್ತಿ ಮುಳುಗಿದ್ದು ಮತ್ತೆ ಚಿಗುರುತ್ತಿತ್ತು. ಆದರೆ ಇಳುವರಿ ಕಡಿಮೆ.

ಮುಂದಿನ ಕತೆಯನ್ನು ಸಾಮಾನ್ಯವಾಗಿ 2006ರಿಂದ, ಕ್ಯಾಲಿಫೋರ್ನಿಯಾದಿಂದ ಶುರುಮಾಡುತ್ತಾರೆ. ನನಗದು ಅರ್ಧ ಕತೆ ಅನ್ನಿಸುತ್ತದೆ. ಹಾಗೆಂದು, ರೈತರ ಹತ್ತಿರ ಮೊದಲೇ ಇತ್ತು, ವಿಜ್ಞಾನಿಗಳು ಮಾಡಿದ್ದೇನು ಎಂದು ಕೇಳುವುದೂ ಸರಿಯಲ್ಲ. 1970ರ ದಶಕದಲ್ಲಿ ಫಿಲಿಪ್ಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯಲ್ಲಿ ಮುಳುಗಡೆ ತಾಳುವ ತಳಿಗಳನ್ನು ಹುಡುಕಿದಾಗಲೇ ಎಫ್‌ಆರ್ 13ಎ ಮುಂಚೂಣಿಯಲ್ಲಿತ್ತು. ಅದನ್ನು ಒಳ್ಳೆಯ ತಳಿಗಳ ಜೊತೆ ಸಂಕರ ಮಾಡುತ್ತಲೂ ಬಂದರು. ಬೇಕಾದ ಗುಣದ ಜೊತೆ ಬೇಡದ್ದೂ ಬಂದುಬಿಡುತ್ತಿತ್ತು. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಅನ್ನುವುದನ್ನು ಗಿಡದ ಹೊರಗಿನಿಂದ ನೋಡಿ ಹೇಳುವಂತಿರಲಿಲ್ಲ.

1996ರಲ್ಲಿ ಕೆನಾಂಗ್ ಷು ಮತ್ತು ಡೇವಿಡ್ ಮ್ಯಾಕಿಲ್ ಈ ಗುಣದ ಬಹುಪಾಲು 9ನೆಯ ವರ್ಣತಂತುವಿನ ಒಂದೇ ಜಾಗದಲ್ಲಿದೆ ಎಂದು ತೋರಿಸಿದರು. ಅದಕ್ಕೆ ಸಬ್1 ಎಂದು ಹೆಸರಾಯಿತು. ಪಮೆಲಾ ರೊನಾಲ್ಡ್, ಜೂಲಿಯಾ ಬೈಲಿ-ಸೆರೆಸ್ ಕೂಡ ಇದ್ದ ತಂಡ 2006ರಲ್ಲಿ ಆ ಜಾಗದೊಳಗಿನ ನಿಜವಾದ ಜೀನನ್ನು, ಸಬ್1ಎಯನ್ನು ಗುರುತಿಸಿತು. ಅದು ತಯಾರಿಸುವ ಪ್ರೋಟೀನು ಬೇರೆ ಜೀನುಗಳನ್ನು ಚಾಲೂ ಮಾಡುವ, ನಿಲ್ಲಿಸುವ ಬಗೆಯದು. ಹಲವು ತಳಿಗಳಲ್ಲಿ ಈ ಜೀನೇ ಇಲ್ಲ. ಇನ್ನು ಕೆಲವದರಲ್ಲಿ ಇದೆ, ಆದರೆ ಪ್ರೋಟೀನಿನ 186ನೆಯ ಸ್ಥಾನದಲ್ಲಿ ಸೆರೀನ್ ಇರಬೇಕಾದಲ್ಲಿ ಪ್ರೋಲೀನ್ ಕೂತಿದೆ. ಒಂದು ಅಕ್ಷರ ಬದಲಾಗಿ ಪದದ ಅರ್ಥವೇ ಬೇರೆಯಾಗುವುದನ್ನು ನೋಡಿದವರಿಗೆ ಇದು ಹೊಸತೇನಲ್ಲ.

ಆ ಪ್ರೋಟೀನು ಮಾಡುವುದೇನು? 2008ರಲ್ಲಿ ಫುಕಾವೊ ಮತ್ತು ಬೈಲಿ-ಸೆರೆಸ್ ಅದನ್ನು ಬಿಡಿಸಿಟ್ಟರು. ಗಿಡವನ್ನು ಉದ್ದ ಬೆಳೆಸುವ ಹಾರ್ಮೋನು ಜಿಬ್ಬರೆಲಿನ್. ಅದಕ್ಕೆ ಕಡಿವಾಣ ಹಾಕುವ ಎರಡು ಪ್ರೋಟೀನುಗಳನ್ನು ಸಬ್1ಎ ಹೆಚ್ಚಿಸುತ್ತದೆ. ಅಂದರೆ ಎಥಿಲೀನ್ ಎಷ್ಟೇ ಒತ್ತಾಯಿಸಿದರೂ ಗಿಡ ಬೆಳೆಯುವುದಿಲ್ಲ, ಇದ್ದದ್ದನ್ನು ಖರ್ಚುಮಾಡದೆ ಕಾಯುತ್ತದೆ. 2016ರಲ್ಲಿ ದೆಹಲಿಯ ರಾಷ್ಟ್ರೀಯ ಸಸ್ಯ ಜೀನೋಮ್ ಸಂಶೋಧನಾ ಸಂಸ್ಥೆಯ ಪಲ್ಲವಿ ಸಿಂಗ್ ಮತ್ತು ಅಲೋಕ್ ಕೃಷ್ಣ ಸಿನ್ಹಾ ಇನ್ನೊಂದು ಕೊಂಡಿ ಸೇರಿಸಿದರು. ಎಂಪಿಕೆ3 ಎಂಬ ಕಿಣ್ವ ಸಬ್1ಎಯ ನೆರೆ ತಾಳುವ ರೂಪಕ್ಕೆ ಫಾಸ್ಫೇಟ್ ಅಂಟಿಸುತ್ತದೆ. ಆ ಸಬ್1ಎ ತಿರುಗಿ ಎಂಪಿಕೆ3ರ ಜೀನನ್ನೇ ಚುರುಕುಗೊಳಿಸುತ್ತದೆ. ಒಂದನ್ನೊಂದು ಎಬ್ಬಿಸುವ ಜೋಡಿ.

ತಮಾಷೆಯೆಂದರೆ ಇದೇ ಕುಟುಂಬದ ಬೇರೆ ಪ್ರೋಟೀನುಗಳು ತದ್ವಿರುದ್ಧ ಕೆಲಸವನ್ನೂ ಮಾಡುತ್ತವೆ. ತಿಂಗಳುಗಟ್ಟಲೆ ಆಳದ ನೀರು ನಿಲ್ಲುವ ಕಡೆಯ ಭತ್ತ ಬೆಳೆದೇ ಬದುಕಬೇಕು. ಜಪಾನಿನ ನಗೋಯಾ ವಿಶ್ವವಿದ್ಯಾಲಯದ ತಂಡ 2009ರಲ್ಲಿ ಅಂಥ ಭತ್ತದಲ್ಲಿ ಕಂಡ ಜೀನುಗಳಿಗೆ ಸ್ನಾರ್ಕೆಲ್ ಎಂದು ಹೆಸರಿಟ್ಟಿತು, ಮುಳುಗುಗಾರರು ಉಸಿರಾಡುವ ಕೊಳವೆಯ ಹೆಸರು.

ಜೀನಿನ ವಿಳಾಸ ಸಿಕ್ಕಮೇಲೆ ಕೆಲಸ ಬೇಗ ಮುಗಿಯಿತು. ಆಂಧ್ರದ ಮಾರುಟೇರಿನಲ್ಲಿ ಹುಟ್ಟಿ ಪೂರ್ವ ಭಾರತದ ತುಂಬ ಹರಡಿದ್ದ ಸ್ವರ್ಣ ತಳಿಗೆ ಎಫ್‌ಆರ್ 13ಎ ಮೂಲದ ಸಬ್1 ಭಾಗವನ್ನು ಸೇರಿಸಿದರು. ಸಂಕರ ಮಾಡಿ, ಮತ್ತೆ ಮತ್ತೆ ಸ್ವರ್ಣಕ್ಕೇ ಕೂಡಿಸಿ, ಪ್ರತಿ ತಲೆಮಾರಿನಲ್ಲೂ ಡಿಎನ್‌ಎ ಗುರುತು ನೋಡಿ ಆರಿಸುವ ವಿಧಾನ. ಹೊರಗಿನಿಂದ ಜೀನು ತುರುಕಿಲ್ಲವಾದ್ದರಿಂದ ಇದು ಕುಲಾಂತರಿ ಅಲ್ಲ, ಆ ಜಗಳವೂ ಬರಲಿಲ್ಲ. ಭಾರತದಲ್ಲಿ 2009ರಲ್ಲಿ ಬಿಡುಗಡೆಯಾಯಿತು. ಹೆಸರು ಸ್ವರ್ಣ-ಸಬ್1. ಧಾಲಪುಟ್ಟಿಯಾ ಎಂಬ ಹೆಸರಿನ ಸುಳಿವೂ ಅದರಲ್ಲಿ ಇಲ್ಲ.

ಇದಕ್ಕೂ ಮಿತಿಯಿದೆ. ಬೆಳೆಯುವ ಹಂತದಲ್ಲಿ ಬಂದು ಎರಡು ವಾರದೊಳಗೆ ಇಳಿಯುವ ನೆರೆಗೆ ಇದು ಸರಿ. ಮೊಳಕೆಯ ಹೊತ್ತಿನ ನೀರಿಗೂ ಇಳಿಯದೆ ನಿಲ್ಲುವ ನೀರಿಗೂ ಬೇರೆಯೇ ಉಪಾಯ ಬೇಕು. ಆದರೂ ಒಡಿಶಾದ ಹಳ್ಳಿಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನ್ನನ್ನು ಹಿಡಿದು ನಿಲ್ಲಿಸಿತು. ನೆರೆಗೆ ಸುಲಭವಾಗಿ ಸಿಕ್ಕುವ ತಗ್ಗಿನ ಜಮೀನು ಅಲ್ಲಿ ಪರಿಶಿಷ್ಟ ಜಾತಿಯ ಕುಟುಂಬಗಳ ಪಾಲಿಗೇ ಹೆಚ್ಚಾಗಿ ಬಂದಿದೆ. ಆದ್ದರಿಂದ ನೆರೆ ತಾಳುವ ಈ ಭತ್ತದಿಂದ ಹೆಚ್ಚು ಪ್ರಯೋಜನವಾಗುವುದೂ ಅವರಿಗೇ ಎಂದು ಅಧ್ಯಯನ ಮಾಡಿದವರು ಲೆಕ್ಕ ಹಾಕಿ ತೋರಿಸಿದ್ದರು.