ಆಕಾರ ಮತ್ತು ತಕರಾರು: ಚಿಕ್ಕೋಡಿ ಸೀಮೆಯಲ್ಲಿ ಕಂದಾಯ ಮೇಲ್ಮನವಿಯ ಇತಿಹಾಸ

ಕರೋಶಿಯೂ ಸೇರಿದಂತೆ ಚಿಕ್ಕೋಡಿ, ನಿಪ್ಪಾಣಿ, ಅಥಣಿ ಭಾಗದ ಹಳ್ಳಿಗಳಲ್ಲಿ ಭೂಮಿಯ ವಿಷಯವಾಗಿ ಇಂದಿಗೂ ಬಳಕೆಯಲ್ಲಿರುವ ಶಬ್ದಗಳು ಅಲ್ಲಿನ ಆಡಳಿತದ ಚರಿತ್ರೆಯನ್ನೇ ಹೇಳುತ್ತವೆ. ಪಹಣಿಗೆ ‘ಉತಾರ’, ವಾರಸುದಾರರ ಹೆಸರು ದಾಖಲಿಸುವುದಕ್ಕೆ ‘ವಾರಸಾ’, ಊರ ಲೆಕ್ಕಿಗನಿಗೆ ‘ತಲಾಠಿ’, ಹೊಲದ ಮೇಲೆ ನಿಗದಿಯಾದ ಕಂದಾಯಕ್ಕೆ ‘ಆಕಾರ’, ಅದರ ಬಗೆಗಿನ ಆಕ್ಷೇಪಕ್ಕೆ ‘ತಕರಾರು’. ಹಳೆಯ ಮೈಸೂರು ಭಾಗದ ರೈತನಿಗೆ ಇವುಗಳಲ್ಲಿ ಕೆಲವು ಅಪರಿಚಿತವೆನಿಸಬಹುದು. ಪೇಶ್ವೆ, ಕೊಲ್ಲಾಪುರ, ಕಂಪನಿ ಎಂಬ ಮೂರು ಆಡಳಿತಗಳನ್ನು ಕಂಡು, ಬಳಿಕ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಸೀಮೆಯ ಶಬ್ದಕೋಶವಿದು. ಇದರಲ್ಲಿ ‘ತಕರಾರು’ ಎಂಬ ಶಬ್ದದ ಹಿಂದಿನ ವ್ಯವಸ್ಥೆಯನ್ನು, ಅಂದರೆ ಕಂದಾಯ ಹೆಚ್ಚಾಯಿತೆಂದು ಒಬ್ಬ ಹಿಡುವಳಿದಾರನು ಯಾರ ಮುಂದೆ ಹೇಳಿಕೊಳ್ಳಬಹುದಾಗಿತ್ತು ಎಂಬುದನ್ನು, ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮುಂಬಯಿ ಪ್ರಾಂತದ ಮೋಜಣಿ ಪದ್ಧತಿ 1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳಿಂದ ಆರಂಭವಾಗಿ, ಮುಂದಿನ ದಶಕದಲ್ಲಿ ದಕ್ಷಿಣ ಮರಾಠಾ ಸೀಮೆಗೆ ವ್ಯಾಪಿಸಿತು. 1847ರ ಜಂಟಿ ವರದಿ ಅದರ ನಿಯಮಗಳನ್ನು ಸ್ಥಿರಗೊಳಿಸಿತು. ಹೊಲಕ್ಕೆ ಸರ್ವೆ ನಂಬರು, ಮಣ್ಣಿಗೆ ಆಣೆಗಳ ಲೆಕ್ಕದಲ್ಲಿ ವರ್ಗ, ಮೂವತ್ತು ವರ್ಷ ಬದಲಾಗದ ಆಕಾರ, ಇವು ಅದರ ಮುಖ್ಯ ಲಕ್ಷಣಗಳು. ತನ್ನ ಹೊಲವನ್ನು ಮೇಲಿನ ವರ್ಗಕ್ಕೆ ಹಾಕಿದರೆಂದು ರೈತನಿಗೆ ಅನಿಸಿದರೆ ಅವನು ಹೋಗಬೇಕಾದದ್ದು ಅದೇ ಇಲಾಖೆಯ ಮೇಲಧಿಕಾರಿಯ ಬಳಿಗೆ.

ಇನಾಮು ಭೂಮಿಗಳ ವಿಚಾರದಲ್ಲಿ ಈ ಬಿಗಿ ಇನ್ನೂ ಹೆಚ್ಚು. 1852ರ 11ನೆಯ ಕಾಯಿದೆಯು ಇನಾಮು ಕಮಿಷನ್ನಿಗೆ ಕಾನೂನಿನ ಬಲ ಕೊಟ್ಟಾಗ ಸನದು, ದಾಖಲೆಗಳಿಂದ ಹಕ್ಕನ್ನು ಸಾಧಿಸುವ ಹೊಣೆ ಹಿಡುವಳಿದಾರನ ತಲೆಯ ಮೇಲೆ ಬಿತ್ತು. ತಲೆಮಾರುಗಳಿಂದ ಬಾಯಿಮಾತಿನಲ್ಲಿ ನಡೆದುಬಂದ ಹಕ್ಕು ಕಾಗದದ ಮುಂದೆ ಮೂಕವಾಯಿತು. ಅಸಮಾಧಾನ ಎಷ್ಟಿತ್ತೆಂಬುದಕ್ಕೆ ನರಗುಂದದ ಪ್ರಸಂಗ ಸಾಕ್ಷಿ. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಹತನಾದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಮೊದಲು ಇದೇ ಇನಾಮು ಕಮಿಷನ್ನಿನ ಅಧಿಕಾರಿಯಾಗಿದ್ದವನು. ನರಗುಂದದ ಬಾಬಾಸಾಹೇಬನ ಕೋಪಕ್ಕೆ ದತ್ತಕದ ನಿರಾಕರಣೆ ನೇರ ಕಾರಣವೆಂಬುದು ನಿಜವಾದರೂ ಇನಾಮುಗಳ ತಪಾಸಣೆ ಆ ಕಾಲದ ಗಾಳಿಯಲ್ಲೇ ಇತ್ತು.

ತೆರಿಗೆಯ ಬಗೆಗಿನ ಜನರ ಮಾತು ಕಚೇರಿಯ ಕಡತದಲ್ಲಿ ಸಿಗುವುದು ಕಡಿಮೆ. ಅದು ಸಿಗುವುದು ಹಾಡಿನಲ್ಲಿ. ಜೆ. ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿ ಬೇಡರ ದಂಗೆ, ಸಂಗೊಳ್ಳಿ ರಾಯಣ್ಣ, ಸಂಗ್ಯಾ ಇವರ ಕಥೆಗಳ ಜೊತೆಗೆ ವರಮಾನ ತೆರಿಗೆಯನ್ನು ಹೇರಿದ ಪ್ರಸಂಗದ ಲಾವಣಿಯೂ ಒಂದಿದೆ. ದಂಗೆ ಮತ್ತು ಕೊಲೆಗಳ ಸಾಲಿನಲ್ಲಿ ತೆರಿಗೆಗೂ ಒಂದು ಹಾಡು ದೊರೆತಿರುವುದು ವಿದ್ವಾಂಸರ ಗಮನವನ್ನು ಇನ್ನೂ ಸಾಕಷ್ಟು ಸೆಳೆದಿಲ್ಲವೆನ್ನಬೇಕು. ಸಂಗ್ರಹಿಸಿದವನು ಸ್ವತಃ ಮುಂಬಯಿ ಸರಕಾರದ ಸಿವಿಲ್ ಅಧಿಕಾರಿ ಎಂಬುದು ಇದರ ಸ್ವಾರಸ್ಯ.

ಕಂದಾಯವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದ ಅತಿ ಮುಖ್ಯ ಮೊಕದ್ದಮೆ ಹುಟ್ಟಿದ್ದು ಬೆಳಗಾವಿ ಜಿಲ್ಲೆಯಲ್ಲಲ್ಲ, ಉತ್ತರ ಕನ್ನಡದಲ್ಲಿ. ಆದರೆ ಅದರ ಪರಿಣಾಮ ಚಿಕ್ಕೋಡಿಯವರೆಗೂ ಹಬ್ಬಿತು. 1862ರಲ್ಲಿ ಮದರಾಸಿನಿಂದ ಮುಂಬಯಿಗೆ ಸೇರಿದ ಆ ಜಿಲ್ಲೆಯಲ್ಲಿ ಹೊಸ ಮೋಜಣಿಯಿಂದ ಆಕಾರ ಏರಿದಾಗ ವೈಕುಂಠ ಬಾಪೂಜಿ ಎಂಬ ಹಿಡುವಳಿದಾರರು ಸರಕಾರದ ವಿರುದ್ಧ ದಾವೆ ಹೂಡಿದರು. ತಮ್ಮ ಮೂಲವರ್ಗದ ಭೂಮಿಯ ತೀರುವೆಯನ್ನು ಹೀಗೆ ಏರಿಸಲು ಸರಕಾರಕ್ಕೆ ಹಕ್ಕಿಲ್ಲವೆಂಬುದು ಅವರ ವಾದ. ಮುಖ್ಯ ನ್ಯಾಯಮೂರ್ತಿ ವೆಸ್ಟ್ರಾಪ್ ಅವರಿದ್ದ ಮುಂಬಯಿ ಹೈಕೋರ್ಟು 1875ರಲ್ಲಿ ಕೆನರಾದ ಭೂ ಹಿಡುವಳಿಯ ಚರಿತ್ರೆಯನ್ನೆಲ್ಲ ಶೋಧಿಸಿ ತೀರ್ಪು ನೀಡಿತು, ಸರಕಾರ ಗೆದ್ದಿತು.

ಗೆದ್ದ ಸರಕಾರಕ್ಕೆ ಅಷ್ಟರಿಂದ ಸಮಾಧಾನವಾಗಲಿಲ್ಲ. ಮರುವರ್ಷವೇ ಬಂದ 1876ರ ಮುಂಬಯಿ ಕಂದಾಯ ಅಧಿಕಾರವ್ಯಾಪ್ತಿ ಕಾಯಿದೆಯು ಆಕಾರದ ಮೊತ್ತ ಮತ್ತು ಹಂಚಿಕೆಯ ಬಗೆಗಿನ ಆಕ್ಷೇಪಗಳನ್ನು ಸಿವಿಲ್ ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಟ್ಟಿತು. ಉಳಿದ ವಿಷಯಗಳಲ್ಲಿ ಸಹ, ಇಲಾಖೆಯೊಳಗಿನ ಮೇಲ್ಮನವಿಗಳು ಮುಗಿದ ಹೊರತು ಸರಕಾರದ ಮೇಲೆ ದಾವೆಯಿಲ್ಲವೆಂದು ವಿಧಿಸಿತು. 1879ರ ಭೂಕಂದಾಯ ಸಂಹಿತೆಯು ಆ ಮೇಲ್ಮನವಿಗೆ ಅವಧಿ ಗೊತ್ತುಪಡಿಸಿತು: ಕಲೆಕ್ಟರನಿಗಿಂತ ಕೆಳಗಿನವರ ಆದೇಶಕ್ಕೆ 60 ದಿನ, ಇತರ ಆದೇಶಗಳಿಗೆ 90 ದಿನ. ಅದೇ ಸಂಹಿತೆಯಲ್ಲಿ ರೈತನಿಗೆ ಅನುಕೂಲವಾದ ಅಂಶವೂ ಇತ್ತು. ಒಡೆಯನು ಸ್ವಂತ ಖರ್ಚಿನಿಂದ ಬಾವಿ ತೋಡಿಸಿ ಹೊಲವನ್ನು ಸುಧಾರಿಸಿದ್ದರೆ, ಪುನರ್ವಿಮರ್ಶೆಯ ಕಾಲದಲ್ಲಿ ಆ ಸುಧಾರಣೆಯ ಮೇಲೆ ಆಕಾರ ಏರಿಸುವಂತಿರಲಿಲ್ಲ. ಬಾವಿಯ ನೀರನ್ನೇ ನಂಬಿದ ಜಿರಾಯತಿ ಸೀಮೆಗೆ ಇದು ಸಣ್ಣ ಸಂಗತಿಯಲ್ಲ.

ನ್ಯಾಯಾಲಯದ ಬಾಗಿಲು ಮುಚ್ಚಿದ ಮೇಲೆ ಉಳಿದ ದಾರಿ ಬೀದಿಯದು. ಗುಜರಾತಿನ ಬಾರ್ಡೋಲಿಯಲ್ಲಿ 1928ರಲ್ಲಿ ಶೇ. 22ರ ಏರಿಕೆಯ ವಿರುದ್ಧ ಸತ್ಯಾಗ್ರಹ ನಡೆದು, ಬ್ರೂಮ್‌ಫೀಲ್ಡ್–ಮ್ಯಾಕ್ಸ್‌ವೆಲ್ ವಿಚಾರಣೆಯು ಅದನ್ನು ಶೇ. 6.03ಕ್ಕೆ ಇಳಿಸಿತು. ಅರ್ಜಿಗಳಿಂದ ಆಗದ ಕೆಲಸವಿದು. ಆಕಾರ ನಿಗದಿಯ ತತ್ತ್ವಗಳನ್ನು ಸ್ವತಃ ಕಾಯಿದೆಯೊಳಗೆ ಸೇರಿಸಿದ್ದು 1939ರ ತಿದ್ದುಪಡಿ. ರಾಯಬಾಗ ಮಾತ್ರ ಈ ಚರಿತ್ರೆಯ ಹೊರಗೆ, 1949ರವರೆಗೆ ಕೊಲ್ಲಾಪುರ ಸಂಸ್ಥಾನದಲ್ಲಿತ್ತು.

1964ರ ಏಪ್ರಿಲ್ 1ರಂದು ಜಾರಿಗೆ ಬಂದ ಕರ್ನಾಟಕ ಭೂಕಂದಾಯ ಅಧಿನಿಯಮವು ಮುಂಬಯಿ ಸಂಹಿತೆಯ ಸ್ಥಾನವನ್ನು ಪಡೆಯಿತು. ಆದರೆ ಅದರ 61 ಮತ್ತು 63ನೆಯ ಪ್ರಕರಣಗಳನ್ನು ಓದಿದವರಿಗೆ 1876ರ ದನಿ ಸ್ಪಷ್ಟವಾಗಿ ಕೇಳಿಸುತ್ತದೆ: ಆಕಾರದ ಆಕ್ಷೇಪಕ್ಕೆ ಸಿವಿಲ್ ನ್ಯಾಯಾಲಯವಿಲ್ಲ, ಸರಕಾರದ ಮೇಲಿನ ದಾವೆಗೆ ಮೊದಲು ಮೇಲ್ಮನವಿ ಮುಗಿಯಬೇಕು. ವಿಪರ್ಯಾಸವೆಂದರೆ, ಈ ವೇಳೆಗೆ ಹೊಲದ ಕಂದಾಯ ವಾದಿಸಲು ಯೋಗ್ಯವಾದ ಮೊತ್ತವಾಗಿ ಉಳಿದಿರಲಿಲ್ಲ. ತಕರಾರು ಮೊತ್ತದಿಂದ ಹೆಸರಿಗೆ ಸರಿಯಿತು. ಉತಾರದಲ್ಲಿ ಯಾರ ಹೆಸರು, ವಾರಸಾದಲ್ಲಿ ಹೆಣ್ಣುಮಕ್ಕಳು ಬಿಟ್ಟುಹೋದರೇ, ಇವೇ 136ನೆಯ ಪ್ರಕರಣದ ಮೇಲ್ಮನವಿಗಳ ತಿರುಳು. ‘ಪಟ್ಟಿ ತುಂಬಿದವನದೇ ಜಾಗ’ ಎಂಬ ಗ್ರಾಮೀಣ ನಂಬಿಕೆಯನ್ನು ಕಾನೂನು ಒಪ್ಪುವುದಿಲ್ಲ. ಪಹಣಿಯ ನಮೂದು ತಪ್ಪೆಂದು ಸಾಬೀತಾಗುವವರೆಗೆ ಸರಿಯೆಂಬ ಊಹೆ 133ನೆಯ ಪ್ರಕರಣದಲ್ಲಿದ್ದರೂ, ಖಾತೆ ಬದಲಾವಣೆಯಿಂದ ಮಾಲೀಕತ್ವ ಹುಟ್ಟುವುದಿಲ್ಲವೆಂದು ಸುಪ್ರೀಂ ಕೋರ್ಟು 1990ರ ದಶಕದ ತೀರ್ಪುಗಳಲ್ಲಿ ಸ್ಪಷ್ಟಪಡಿಸಿದೆ. ನಂಬಿಕೆ ಹುರುಳಿಲ್ಲದ್ದೆಂದು ತಳ್ಳಿಹಾಕುವುದೂ ಸರಿಯಲ್ಲ. ಅನುಭೋಗಕ್ಕೆ ಪಾವತಿ ಸಾಕ್ಷ್ಯವಾಗಬಲ್ಲದು.

ಮನೆಯ ವಿಷಯ ಬೇರೆ. ಹೊಲಗಳನ್ನು ನಂಬರು ಹಾಕಿ ಅಳೆದ ಮೋಜಣಿಯು ಗಾವಠಾಣದೊಳಗಿನ ಮನೆಗಳನ್ನು ಒಂದೊಂದಾಗಿ ಅಳೆಯಲಿಲ್ಲ. ಮನೆಪಟ್ಟಿ ವಸೂಲಿ ಪಂಚಾಯತಿಗೆ ಬಂದು, 1993ರ ಪಂಚಾಯತ್ ರಾಜ್ ಅಧಿನಿಯಮದ 199ನೆಯ ಪ್ರಕರಣದಲ್ಲಿ ನೆಲೆನಿಂತಿದೆ. ಆಸ್ತಿಯ ದಾಖಲೆಯಾದರೋ ಬಹುಕಾಲ ಪಂಚಾಯತಿಯ ವಹಿಯಲ್ಲಿನ ಒಂದು ಸಾಲು ಮಾತ್ರ. 2013ರಿಂದ ಇ-ಸ್ವತ್ತು ತಂತ್ರಾಂಶದ ನಮೂನೆ 9 ಮತ್ತು 11 ಆ ಸಾಲಿಗೆ ಗಣಕದ ರೂಪ ಕೊಟ್ಟವು. 2020ರ ಏಪ್ರಿಲ್ 24ರಂದು ಘೋಷಣೆಯಾದ ಸ್ವಾಮಿತ್ವ ಯೋಜನೆಯು ಡ್ರೋನ್ ಮೂಲಕ ಗ್ರಾಮಠಾಣಗಳನ್ನು ಅಳೆದು ಆಸ್ತಿಪತ್ರ ನೀಡುವ ಕಾರ್ಯವನ್ನು ಕೈಗೆತ್ತಿಕೊಂಡಿತು. ಆರಂಭದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಹೊಲಕ್ಕೆ ಆದ ಅಳತೆ ಮನೆಗೆ ಬರಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು. ಅಣ್ಣತಮ್ಮಂದಿರ ನಡುವಿನ ಗೋಡೆ, ಬಚ್ಚಲ ನೀರಿನ ಹಾದಿ, ದನದ ಕೊಟ್ಟಿಗೆಯ ಅಂಚು, ಈವರೆಗೆ ಹಿರಿಯರ ಮಾತಿನಿಂದ ತೀರ್ಮಾನವಾಗುತ್ತಿದ್ದ ಇವೆಲ್ಲ ಆ ನಕಾಶೆಯ ಗೆರೆಗಳಾಗುತ್ತಿದ್ದು, ತಕರಾರು ಅರ್ಜಿ ಈಗ ಹೊಲದಿಂದ ಅಂಗಳಕ್ಕೆ ಬಂದಿದೆ.